ಎರಡನೇ ಚರಣ ಕೇಳಿದವನು ವಾಚ್‌ಮನ್ ಒಬ್ಬನೇ

ಹಾಡುವುದೇನೂ ಅಂಥ ಕಷ್ಟದ ಕೆಲಸವಲ್ಲ ಎಂದು ನಾನು ಮನಸಾರೆ ನಂಬಿದ್ದ ಕಾಲ ಅದು. ಬಾಯಿ ನಮ್ಮದೇ, ಹಾಡು ನಮ್ಮದೇ, ಬಾಡಿಗೆಗೆ ತಂದ ಮೈಕೂ ಅವತ್ತಿನ ಮಟ್ಟಿಗೆ ನಮ್ಮದೇ. ಇನ್ನೇನು ಬೇಕು? ಎಂಬತ್ತರ ದಶಕದ ಆ ಸಂಜೆ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಸಭಾಂಗಣದ ವೇದಿಕೆ ಹತ್ತಿದಾಗ ನನಗಿದ್ದ ಧೈರ್ಯದಲ್ಲಿ ಕಾಲು ಭಾಗ ಈಗ ಉಳಿದಿದ್ದರೂ ಪಂಚಾಯಿತಿ ಚುನಾವಣೆಗೆ ನಿಂತುಬಿಡುತ್ತಿದ್ದೆ.

ನಾನು ರಾಕ್ ಬ್ಯಾಂಡಿಗೆ ಸೇರಿದ್ದು ಕಂಠದ ಬಲದಿಂದಲ್ಲ, ಕೊಟ್ಟಿಗೆಯ ಬಲದಿಂದ. ಬ್ಯಾಂಡ್ ಇದ್ದದ್ದು ಸೆಲ್ವ ಮತ್ತು ಡೆನ್ನಿಸ್ ಅವರದು. ಸೆಲ್ವನದು ಗಿಟಾರ್, ಡೆನ್ನಿಸನದು ಡ್ರಮ್. ಇಬ್ಬರೂ ಚಾಂಪಿಯನ್ ರೀಫ್ಸ್‌ನ ಲೈನ್ ಮನೆಗಳಲ್ಲಿ ಬೆಳೆದವರು. ಗೋಡೆಗೆ ಗೋಡೆ ಅಂಟಿಕೊಂಡ ಆ ಸಾಲು ಮನೆಗಳಲ್ಲಿ ಯಾವ ಹೊತ್ತಿಗೆ ಹೋದರೂ ಯಾರೋ ಒಬ್ಬರು ಗಣಿಯ ಪಾಳಿ ಮುಗಿಸಿ ಬಂದು ಮಲಗಿರುತ್ತಿದ್ದರು. ಡ್ರಮ್ಮಿನೊಳಗೆ ಹಳೇ ಸೀರೆ ತುರುಕಿ ಬಾರಿಸಿದರೂ ಯಾರದಾದರೂ ನಿದ್ದೆ ಕೆಡುತ್ತಿತ್ತು. ಗಣಿಯವನ ನಿದ್ದೆ ಕೆಡಿಸಿದವನಿಗೆ ಅಲ್ಲಿ ಕ್ಷಮೆಯಿಲ್ಲ.

ನಮ್ಮ ಹಳ್ಳಿ ಬಂಗಾರಪೇಟೆ ಸ್ಟೇಷನ್ನಿಗೆ ಹತ್ತಿರ. ಕೊಟ್ಟಿಗೆ ಊರಾಚೆ. ಅಲ್ಲಿ ನಿದ್ದೆ ಮಾಡುವವರು ಹಸುಗಳು ಮಾತ್ರ. ಕಾಲೇಜಿನಲ್ಲಿ ಸೆಲ್ವನ ಪಕ್ಕ ಕೂರುತ್ತಿದ್ದ ನಾನು ಈ ಮಾತು ಹೇಳಿದ್ದೇ ತಡ, ನನ್ನನ್ನು ಬ್ಯಾಂಡಿನ ಖಾಯಂ ಸದಸ್ಯನೆಂದು ಘೋಷಿಸಲಾಯಿತು! ಕೈಗೊಂದು ಟ್ಯಾಂಬೊರಿನ್ ಕೊಟ್ಟರು. ದೊಡ್ಡ ಬಳೆಗೆ ತಗಡಿನ ಬಿಲ್ಲೆ ಸಿಕ್ಕಿಸಿದ ಹಾಗಿರುವ, ಅಲ್ಲಾಡಿಸಿದರೆ ಝಲ್ ಎನ್ನುವ ವಾದ್ಯ ಅದು. ಅದನ್ನು ಕೆಡಿಸಲು ಯಾರಿಂದಲೂ ಆಗುವುದಿಲ್ಲ ಎಂದು ಸೆಲ್ವ ಧೈರ್ಯ ತುಂಬಿದ.

ಭಾನುವಾರ ಬಂತೆಂದರೆ ಇಬ್ಬರೂ ಗಣಿ ಕಡೆಯಿಂದ ಬರುವ ಮಾರಿಕುಪ್ಪಂ ರೈಲಿನಲ್ಲಿ ಬಂದಿಳಿಯುತ್ತಿದ್ದರು. ಹಳೇ ರೇಡಿಯೊ ಬಿಚ್ಚಿ ಕಟ್ಟಿದ್ದ ಆಂಪ್ಲಿಫೈಯರನ್ನು ನನ್ನ ಸೈಕಲ್ಲಿಗೆ, ಹಾಲಿನ ಕ್ಯಾನ್ ಕಟ್ಟುವ ಜಾಗದಲ್ಲಿ ಕಟ್ಟುತ್ತಿದ್ದೆವು. ಬೇರೆಯವರ ಹಾಡು ಬಾರಿಸುವುದು ಬೇಡ, ನಮ್ಮದೇ ಹಾಡು ಕಟ್ಟಬೇಕು ಎಂಬುದು ಸೆಲ್ವನ ಹಟ. ಕರೆಂಟು ಹೋದರೆ ಡೆನ್ನಿಸ್ ಹುಲ್ಲಿನ ಮೇಲೆ ಮಲಗಿ ಹಸುವಿನ ಬಾಲದ ತಾಳಕ್ಕೆ ಕೋಲು ಆಡಿಸುತ್ತಿದ್ದ. ಅಷ್ಟು ಸುಖವಾದ ಭಾನುವಾರಗಳನ್ನು ನಾನು ಮತ್ತೆ ಕಾಣಲಿಲ್ಲ. ನಮ್ಮಪ್ಪ ಮಾತ್ರ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳುತ್ತಿದ್ದರು: "ಲೇ, ಆಲು ಕರಿಯೋ ಒತ್ತಿಗಾದ್ರೂ ಸುಮ್ಕಿರ್ರಲಾ. ಅಸು ಸೊರ ಬಿಡ್ತಿಲ್ಲ." ಹಸು ಹಾಲಿಳಿಸುತ್ತಿಲ್ಲ ಎಂಬ ಈ ದೂರನ್ನು ಸೆಲ್ವ ಗಂಭೀರವಾಗಿ ತೆಗೆದುಕೊಂಡು ಹಾಲು ಕರೆಯುವ ಹೊತ್ತಿಗೆಂದೇ ಒಂದು ನಿಧಾನದ ಹಾಡು ಕಟ್ಟಿದ.

ಈ ಕಥೆಗೆ ಸುಗುಣ ಬರುವುದು ಅದೇ ರೈಲಿನಲ್ಲಿ. ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರೊಬ್ಬರ ಮಗಳು. ಬಂಗಾರಪೇಟೆಗೆ ಹೊಲಿಗೆ ಕಲಿಯಲು ಬರುತ್ತಿದ್ದಳು. ಯಾವಾಗಲೂ ಕೊನೆಯ ಡಬ್ಬಿ, ಕಿಟಕಿ ಪಕ್ಕ. ನಾನು ಹಾಲಿನ ಕ್ಯಾನ್ ಹಿಡಿದು ಪ್ಲಾಟ್‌ಫಾರಂನಲ್ಲಿ ನಿಲ್ಲುತ್ತಿದ್ದೆ. ನಾಲ್ಕು ಮಾತು ಆಡಿದ್ದು ಉಂಟು, ಅದೂ ಹಾಲಿಗೆ ನೀರು ಬೆರೆಸುತ್ತೀರಾ ಎಂಬ ವಿಷಯದಲ್ಲಿ. ಬೇರೇನನ್ನೂ ಬಾಯಿಬಿಟ್ಟು ಹೇಳಲಾಗದೆ ಹಾಡು ಬರೆದೆ. "ಕೊನೆಯ ಡಬ್ಬೀಲಿ ಕಿಟಕಿ ಪಕ್ಕ ಯಾರೋ ಕೂತವ್ರೆ" ಎಂದು ಶುರು. ಮೊದಲ ಚರಣದಲ್ಲಿ ರೈಲು ಬರುತ್ತದೆ, ಅಷ್ಟೇ. ಎರಡನೇ ಚರಣದಲ್ಲಿ ಅವಳ ಹೆಸರು ಹಿಡಿದು, ಬಂಗಾರಪೇಟೆಯಲ್ಲಿ ಇಳಿದುಬಿಡು, ವಾಪಸ್ ಹತ್ತಬೇಡ ಎಂದು ಕೇಳಿಕೊಂಡಿದ್ದೆ.

ಸೆಲ್ವ ಹಾಡಿಗೆ ರಾಗ ಕಟ್ಟಿಕೊಟ್ಟ. ನಮ್ಮ ಮೊದಲ ಕಾರ್ಯಕ್ರಮದಲ್ಲಿ ಅದನ್ನು ನಾನೇ ಹಾಡಬೇಕೆಂದೂ ತೀರ್ಮಾನವಾಯಿತು. ಆ ಸಂಜೆ ಸುಗುಣ ತನ್ನ ಸೋದರತ್ತೆಯ ಜೊತೆ ಬಂದು ಮುಂದಿನ ಸಾಲಿನಲ್ಲೇ ಕೂತಳು. ಅವಳನ್ನು ನೋಡಿದ್ದೇ ನನ್ನ ಧೈರ್ಯ ಕೈಕೊಟ್ಟಿತು. ಟ್ಯಾಂಬೊರಿನ್ ತಾನಾಗಿಯೇ ಬಾರಿಸಿಕೊಳ್ಳತೊಡಗಿತು. ಸೆಲ್ವ ಕಿವಿಯಲ್ಲಿ ಉಸುರಿದ: "ಮಚ್ಚಾ, ಕಣ್ಣು ಮುಚ್ಕೊಂಡು ಆಡು. ಮುಗಿಯೋಗಂಟ ತೆರೀಬ್ಯಾಡ."

ಗುರುವಾಕ್ಯದಂತೆ ಕಣ್ಣು ಮುಚ್ಚಿದೆ. ಮೊದಲ ಚರಣ ಸೊಗಸಾಗಿ ಬಂತು. ಎರಡನೆಯದಕ್ಕೆ ಉಸಿರೆಳೆದುಕೊಳ್ಳುವ ಹೊತ್ತಿಗೆ ಕಾಲ ಕೆಳಗೆ ಧಡ್ ಎಂದಿತು. ವೇದಿಕೆಯ ಹಲಗೆಗಳು ನಡುಗಿದವು. ಎಂಥ ಹೊಡೆತ ಹೊಡೆದ ಡೆನ್ನಿಸ್ ಎಂದು ಹೆಮ್ಮೆಪಟ್ಟೆ! ಅದರ ಹಿಂದೆಯೇ ಕುರ್ಚಿಗಳು ಸರಿದ ಸದ್ದು, ಜನ ಎದ್ದು ನಿಂತ ಸದ್ದು. ನನ್ನ ಗೌರವಾರ್ಥ ಇಡೀ ಸಭೆ ಎದ್ದಿದೆ ಎಂದು ತಿಳಿದೆ. ಗಿಟಾರ್ ನಿಂತಿತು, ಡ್ರಮ್ಮೂ ನಿಂತಿತು. ಮುಖ್ಯ ಚರಣ ಸ್ಪಷ್ಟವಾಗಿ ಕೇಳಲಿ ಎಂದು ಗೆಳೆಯರು ವಾದ್ಯ ನಿಲ್ಲಿಸಿದ್ದಾರೆ, ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಎದೆ ತುಂಬಿ ಬಂತು. ಸುಗುಣಳ ಹೆಸರನ್ನು ಬರೆದದ್ದಕ್ಕಿಂತ ಒಂದು ಸಲ ಹೆಚ್ಚಾಗಿಯೇ ಹಾಡಿದೆ.

ಕಣ್ಣು ತೆರೆದಾಗ ಸಭಾಂಗಣ ಖಾಲಿ.

ಸೆಲ್ವ ಇಲ್ಲ, ಡೆನ್ನಿಸ್ ಇಲ್ಲ, ಮುಂದಿನ ಸಾಲಿನಲ್ಲಿ ಸುಗುಣ ಇಲ್ಲ. ಬಾಗಿಲ ಬಳಿ ವಯಸ್ಸಾದ ವಾಚ್‌ಮನ್ ಒಬ್ಬ ನಿಂತಿದ್ದ. ಮುಗಿಯಿತಾ ಸಾಮಿ, ದೀಪ ಆರಿಸಲಾ ಎಂದು ಮರ್ಯಾದೆಯಿಂದ ಕೇಳಿದ. ಎಲ್ಲರೂ ಎಲ್ಲಿ ಎಂದರೆ ನನ್ನನ್ನು ಯಾವ ಲೋಕದವನೋ ಎಂಬಂತೆ ನೋಡಿ ಹೇಳಿದ: "ಕೆಳಗೆ ಬಂಡೆ ಸಿಡೀತಲ್ಲ ಸಾಮಿ. ಎಲ್ಲಾ ಶಾಫ್ಟ್ ತಾವ್ಕೆ ಓದ್ರು."

ನಾನು ಹೊಲದಲ್ಲಿ ಬೆಳೆದವನು, ನನಗೇನು ಗೊತ್ತು? ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನೆಲ ಅದುರುತ್ತದೆ. ಆಗ ಅಲ್ಲಿಯವರು ಕೂಗುವುದಿಲ್ಲ, ನೂಕಾಡುವುದಿಲ್ಲ. ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಗಣಿಬಾವಿಯ ಗೇಟಿನ ಬಳಿ ಹೋಗಿ ನಿಲ್ಲುತ್ತಾರೆ. ಡೆನ್ನಿಸನ ಅಪ್ಪ, ಸೆಲ್ವನ ಅಣ್ಣ, ಸುಗುಣಳ ಅಪ್ಪ, ಮೂವರೂ ಆ ಪಾಳಿಯಲ್ಲಿ ಕೆಳಗಿದ್ದರು.

ಓಡಿದೆ. ಓಡುವಾಗ ಟ್ಯಾಂಬೊರಿನ್ ಕೈಯಲ್ಲೇ ಇದ್ದದ್ದು ಗೇಟಿನ ಬಳಿ ತಲುಪಿದ ಮೇಲೆ ತಿಳಿಯಿತು. ಅಷ್ಟು ಜನ ಒಂದು ಮಾತಿಲ್ಲದೆ ನಿಂತಿದ್ದಾರೆ, ನಡುವೆ ನಾನೊಬ್ಬ ಹೆಜ್ಜೆಗೊಮ್ಮೆ ಝಲ್ ಝಲ್! ಅಜ್ಜಿಯೊಬ್ಬರು ತಿರುಗಿ ನೋಡಿದ ನೋಟಕ್ಕೆ ಭೂಮಿ ಇನ್ನೊಮ್ಮೆ ಸಿಡಿಯಬಾರದೆ ಎನಿಸಿತು. ಟ್ಯಾಂಬೊರಿನ್ನನ್ನು ಅಂಗಿಯೊಳಗೆ ತುರುಕಿಕೊಂಡೆ. ಅಲ್ಲಿಯೂ ಸುಮ್ಮನಿರಲಿಲ್ಲ, ಎದೆ ಹೊಡೆದುಕೊಂಡಂತೆಲ್ಲ ಕಿಣಿಕಿಣಿ ಎನ್ನುತ್ತಿತ್ತು.

ಪಕ್ಕದಲ್ಲಿದ್ದ ಸುಗುಣ ನನ್ನ ಕಡೆ ನೋಡಲೂ ಇಲ್ಲ. ಕೈ ಚಾಚಿ, ಅಂಗಿಯ ಮೇಲಿಂದಲೇ ಆ ಬಿಲ್ಲೆಗಳನ್ನು ಒತ್ತಿ ಹಿಡಿದಳು. ಸದ್ದು ನಿಂತಿತು. "ಅಪ್ಪ ಕೆಳಗವ್ನೆ" ಎಂದಳು. ಕೆಳಗಿದ್ದವರನ್ನು ಹೊತ್ತ ಕೇಜು ಮೇಲೆ ಬರುವವರೆಗೂ ಅವಳು ಕೈ ತೆಗೆಯಲಿಲ್ಲ. ಅಂಥ ಹೊತ್ತಿನಲ್ಲಿ ನನಗೆ ಸಂತೋಷವಾಯಿತು ಎಂದು ಹೇಳಲು ಈಗಲೂ ನಾಚಿಕೆ. ಆದರೆ ಆಯಿತು.

ಮೂವರೂ ಮೇಲೆ ಬಂದರು. ಸೆಲ್ವನ ಅಣ್ಣನ ಕಾಲಿಗೆ ಪೆಟ್ಟಾಗಿತ್ತು. ನಿಂತ ಕಾರ್ಯಕ್ರಮವನ್ನು ಮುಂದುವರಿಸೋಣ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಣ್ಣ ಮನೆಯಲ್ಲಿ ಕೂತ ಮೇಲೆ ಸೆಲ್ವ ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಸೇರಿದ. ಡೆನ್ನಿಸನ ಮನೆಯವರು ಮದರಾಸಿಗೆ ಹೋದರು. ನಮ್ಮ ಬ್ಯಾಂಡಿನ ಮೊದಲ ಕಾರ್ಯಕ್ರಮವೇ ವಿದಾಯ ಸಮಾರಂಭವೂ ಆಗಿ ಖರ್ಚು ಉಳಿಯಿತು.

ಎರಡನೇ ಚರಣ ಕೇಳಿದ್ದ ಏಕೈಕ ರಸಿಕ ವಾಚ್‌ಮನ್ ಮಾತ್ರ ಸುಮ್ಮನಿರಲಿಲ್ಲ. ಬಂಗಾರಪೇಟೆ ಕಡೆಯ ಹುಡುಗ ನಿನ್ನ ಮಗಳ ಹೆಸರು ಹಿಡಿದು ಹಾಡಿದ ಎಂದು ಸುಗುಣಳ ಅಪ್ಪನಿಗೆ ಮುಟ್ಟಿಸಿಬಿಟ್ಟ. ಅವರು ನನ್ನನ್ನು ವಿಚಾರಿಸಿಕೊಳ್ಳಲು ನಮ್ಮೂರಿಗೇ ಬಂದರು. ಬಂದವರು ಕೊಟ್ಟಿಗೆಯಲ್ಲಿ ನಿಂತು, ಒಂದೊಂದೇ ಹಸುವಿನ ಬೆನ್ನು ಸವರಿ, ಬಾಗಿಲಿಗೆ ಬಂದು ಬಿಸಿಲಿಗೆ ಮುಖವೊಡ್ಡಿದರು. ಆಮೇಲೆ ನಮ್ಮಪ್ಪನ ಹತ್ತಿರ ಕೂತು, ಮಗಳು ಗಣಿಯ ಗೇಟಿನಲ್ಲಿ ಕಾಯದಂಥ ಮನೆ ಸೇರಲಿ ಎಂದು ಮದುವೆ ಮಾತಾಡಿದರು. ಬ್ಯಾಂಡಿಗೆ ಸೇರಿಸಿದ ಕೊಟ್ಟಿಗೆಯೇ ಹೆಣ್ಣನ್ನೂ ಕೊಡಿಸಿತು. ಹಾಡಿನ ಪಾತ್ರ ಏನೂ ಇಲ್ಲ.

ಎಷ್ಟೋ ವರ್ಷದ ಮೇಲೆ ಸೆಲ್ವ ರೈಲಿನಲ್ಲಿ ಸಿಕ್ಕಿದ. ಬಂಗಾರಪೇಟೆಯಲ್ಲಿ ಗಾಡಿ ನಿಂತಿತ್ತು. ಅವನು ಒಳಗೆ ಕಿಟಕಿಯಲ್ಲಿ, ನಾನು ಹೊರಗೆ ಕ್ಯಾನ್ ಹಿಡಿದು. ತಲೆ ನೆರೆತಿತ್ತು, ಬೆರಳ ತುದಿಯ ತಂತಿ ಗುರುತು ಮಾಯವಾಗಿತ್ತು. ನನ್ನ ಹಾಡಿನ ಮೊದಲ ಚರಣವನ್ನು ತಪ್ಪಿಲ್ಲದೆ ಗುನುಗಿ ನಿಲ್ಲಿಸಿದ.

"ಮಚ್ಚಾ, ಅದುಕ್ಕೆ ಮೇಲೆ ಏನ್ ಬತ್ತದೆ? ಅವತ್ತು ಓಡೋದ್ನಲ್ಲ, ಆಮೇಲಿಂದು ಮರ್ತೇ ಓಯ್ತು."

ಡಬ್ಬಿಯ ತುಂಬ ಜನ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡೆ. ಸರಿಮಾಡಿಕೊಳ್ಳುತ್ತಲೇ ಇದ್ದೆ, ರೈಲು ಹೊರಟಿತು. ಅವನ ಕೈ ಕಿಟಕಿಯಾಚೆ ಬಹಳ ದೂರದವರೆಗೂ ಕಂಡಿತು. ಅವತ್ತು ಕ್ಯಾನ್ ಅಲ್ಲೇ ಇಟ್ಟು ಅತ್ತೆ.

ಕೊಟ್ಟಿಗೆಗೆ ಬಂದಾಗ ಸುಗುಣ ಹಾಲು ಕರೆಯುತ್ತಿದ್ದಳು. ಡೆನ್ನಿಸ್ ಮಲಗುತ್ತಿದ್ದ ಜಾಗದಲ್ಲಿ ಹುಲ್ಲಿನ ಹೊರೆ ಇತ್ತು. ಎರಡನೇ ಚರಣವನ್ನು ಅವಳೂ ಕೇಳಿಲ್ಲವಲ್ಲ ಎಂದು ಆಗ ಹೊಳೆಯಿತು. ಹಾಡಲಾ ಎಂದು ಕೇಳಿದೆ. "ಆಡಿ, ಬ್ಯಾಡ ಅಂದೋರ್ಯಾರು" ಎಂದಳು. ಅಭ್ಯಾಸಬಲದಿಂದ ಕಣ್ಣು ಮುಚ್ಚಿದೆ. ಅವಳ ಹೆಸರು ಬಂದಾಗ ಗಿಟಾರ್ ಕೇಳಿಸಿತು, ಡ್ರಮ್ ಕೇಳಿಸಿತು, ಇಪ್ಪತ್ತರ ಹರೆಯದ ನಾವೆಲ್ಲ ಅಲ್ಲೇ ಇದ್ದೆವು. ಕೊನೆಯ ಸಾಲಿನವರೆಗೂ ಬಿಡದೆ ಹಾಡಿದೆ.

ಕಣ್ಣು ತೆರೆದರೆ ಸುಗುಣ ಇಲ್ಲ. ಬೀದಿ ನಲ್ಲಿಯಲ್ಲಿ ನೀರು ಬಂದಿತ್ತಂತೆ, ಬಿಂದಿಗೆ ಹಿಡಿದು ಓಡಿದ್ದಳು.

ಹಸು ಮಾತ್ರ ನನ್ನನ್ನೇ ನೋಡುತ್ತ ಕೊನೆಯವರೆಗೂ ನಿಂತಿತ್ತು. ಅದನ್ನು ಕಟ್ಟಿಹಾಕಲಾಗಿತ್ತು.