ಮುರುಗೇಂದ್ರಯ್ಯನವರ ಗ್ರಂಥೋದ್ಧಾರ ಸಂಗ್ರಾಮ

ಧರ್ಮವೆಂಬ ಗೋವು ಕೃತಯುಗದಲ್ಲಿ ನಾಲ್ಕು ಕಾಲ ಮೇಲೂ ತ್ರೇತೆಯಲ್ಲಿ ಮೂರರ ಮೇಲೂ ದ್ವಾಪರದಲ್ಲಿ ಎರಡರ ಮೇಲೂ ನಿಂತು, ಕಲಿಯುಗದಲ್ಲಿ ಒಂಟಿಗಾಲಿನಲ್ಲಿ ತತ್ತರಿಸುತ್ತಿರಲು, ಆ ಗೋವನ್ನು ಮರೆತ ಮಾನವರು ಕಂಪ್ಯೂಟರೆಂಬ ಕಾಮಧೇನುವನ್ನು ತಂದು ಕಟ್ಟಿಕೊಂಡು, ಅದಕ್ಕೆ ಯುಪಿಎಸ್ ಎಂಬ ಗೂಟ ಹೊಡೆಯುವುದನ್ನು ಮಾತ್ರ ಮರೆತಿದ್ದ ಕಾಲದಲ್ಲಿ, ಮಂಡಕ್ಕಿ-ಮಿರ್ಚಿ-ಪರಿಮಳ-ಪರಿವೃತವಾದ ದಾವಣಗೆರೆ ನಗರದ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಭೀಕರ ಸಂಗ್ರಾಮವೊಂದು ನಡೆಯಿತು. ಎಲೈ ವಿದ್ಯುದ್ದೇವತೆಯೇ, ಮೇಘಗಳಲ್ಲಿ ಮಿಂಚಾಗಿಯೂ ತಂತಿಗಳಲ್ಲಿ ಅಪರೂಪಕ್ಕೊಮ್ಮೆ ಕರೆಂಟಾಗಿಯೂ ಸುಳಿಯುವ ಚಂಚಲೆಯೇ, ಆ ಕಥೆಯನ್ನು ಹೇಳಲು ನನಗೆ ಶಕ್ತಿ ಕೊಡು. ಕೊಡಲಾಗದಿದ್ದರೆ, ಕನಿಷ್ಠ ಹೇಳಿ ಮುಗಿಸುವವರೆಗೆ ಹೋಗದಿರು.

ಆ ವಿಭಾಗದ ಅಧಿಪತಿ ಪ್ರೊಫೆಸರ್ ಮುರುಗೇಂದ್ರಯ್ಯನವರು: ಮಸೂರ-ದರ್ಪಣ-ವಿಶಾರದರು, ನಿದ್ರಾಪರವಶ-ವಿದ್ಯಾರ್ಥಿವೃಂದ-ವಂದಿತರು. ಅವರು ಹದಿನಾರು ವರ್ಷಗಳಿಂದ ‘ಪ್ರಕಾಶಮೀಮಾಂಸೆ’ ಎಂಬ ಮಹಾಗ್ರಂಥವನ್ನು ರಚಿಸುತ್ತಿದ್ದರು. ಪರೀಕ್ಷಾ ಕೊಠಡಿಯ ಕಾವಲು, ಎನ್‌ಎಸ್‌ಎಸ್ ಶಿಬಿರ, ಗಣರಾಜ್ಯೋತ್ಸವದ ಬೆಳಗಿನ ಹಾಜರಿ, ಯಾವ ಬಾಣ ಹಾರಿ ಬಂದರೂ ಅವರು “ಗ್ರಂಥ ನಡೀತಾ ಐತ್ರಿ” ಎಂಬ ಗುರಾಣಿಯನ್ನು ಮುಂದೊಡ್ಡುತ್ತಿದ್ದರು. ಬಾಣವು ಅದಕ್ಕೆ ತಾಗಿ, ದಿಕ್ಕು ಬದಲಿಸಿ, ಪಕ್ಕದ ಕುರ್ಚಿಯಲ್ಲಿದ್ದ ಕಿರಿಯ ಉಪನ್ಯಾಸಕರನ್ನು ಕೆಡವುತ್ತಿತ್ತು. ಗ್ರಂಥವನ್ನು ಕಣ್ಣಾರೆ ಕಂಡವರಿರಲಿಲ್ಲ. ಕಾಣದ ವಸ್ತುವಿನ ಮೇಲೆ ಭಕ್ತಿ ಹೆಚ್ಚೆಂಬುದು ವಿಜ್ಞಾನ ವಿಭಾಗಗಳಲ್ಲಿಯೂ ಸತ್ಯ. ಈಗ ಅವರ ನಿವೃತ್ತಿ ಬಂದಿತ್ತು. ಶನಿವಾರದ ಬೀಳ್ಕೊಡುಗೆಯಲ್ಲಿ ಗ್ರಂಥದ ಹಸ್ತಪ್ರತಿಯ ಅನಾವರಣವೂ ನಡೆಯುವುದೆಂದು ಪ್ರಾಂಶುಪಾಲರು, ಯಾರನ್ನೂ ಕೇಳದೆ, ಆಹ್ವಾನಪತ್ರಿಕೆಯಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದರು.

ಗುರುವಾರ ಬೆಳಗ್ಗೆ ವಿಭಾಗದ ಏಕೈಕ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಎಂಬ ಯಜ್ಞವು ಅರ್ಧಕ್ಕೆ ಬಂದಿರಲು ಕರೆಂಟು ಹೋಯಿತು. ಮರಳಿ ಬಂದಾಗ ಪರದೆಯ ಮೇಲೆ ಎಲ್ಲವೂ ಇತ್ತು. ಮುರುಗೇಂದ್ರಯ್ಯನವರ ಫೋಲ್ಡರು ಇರಲಿಲ್ಲ.

ಆಗ ಎದ್ದು ನಿಂತವನು ಯಂತ್ರಶಾಸ್ತ್ರದ ಉಪನ್ಯಾಸಕ ಓಂಕಾರಪ್ಪನು, ಸ್ಕ್ರೂಡ್ರೈವರ್-ಧರನು, ಯೂಟ್ಯೂಬ್-ಪಾರಂಗತನು. ಜೇಬಿನಿಂದ ನೀಲಿ ಬಣ್ಣದ ಪೆನ್‌ಡ್ರೈವನ್ನು, ಒರೆಯಿಂದ ಖಡ್ಗವನ್ನೆಂಬಂತೆ, ಸೆಳೆದು ಅವನು ಗರ್ಜಿಸಿದನು: “ಎಲೈ ಸಭಾಸದರೇ ಕೇಳಿರಿ! ಈ ದಿವ್ಯಾಸ್ತ್ರದೊಳಗೆ ರಿಕವರಿ ಟೂಲ್‌ಗಳೆಂಬ ಸಂಜೀವಿನಿ ಇದೆ. ಇದನ್ನು ಯಂತ್ರದೊಳಗೆ ಪ್ರತಿಷ್ಠಾಪಿಸಿ, ಡಿಸ್ಕಿನ ಪಾತಾಳವನ್ನು ಶೋಧಿಸಿ, ಗ್ರಂಥವನ್ನು ಅಕ್ಷರಲೋಪವಿಲ್ಲದೆ ಮೇಲೆತ್ತದಿದ್ದರೆ ನಾನು ಓಂಕಾರಪ್ಪನೇ ಅಲ್ಲ!” ಮೂಲದಲ್ಲಿ ಈ ಭಾಷಣವು “ಪೆನ್‌ಡ್ರೈವ್ ಹಾಕಿದ್ರೆ ಆತ್ರಿ, ಅದೇನ್ ದೊಡ್ಡ ಮಾತು” ಎಂದಷ್ಟೇ ಇತ್ತೆಂದು ಕೆಲವು ಪಾಠಾಂತರಗಳು ಹೇಳುತ್ತವೆ.

ಎಲೆಕ್ಟ್ರಾನಿಕ್ಸ್ ಬೋಧಿಸುವ ರೇಣುಕಾದೇವಿಯು ಉತ್ತರಪತ್ರಿಕೆಯಿಂದ ತಲೆ ಎತ್ತದೆಯೇ ಮೊದಲ ಬಾಣ ಬಿಟ್ಟಳು. “ಹೋದ್ ವರ್ಷ ಪ್ರೊಜೆಕ್ಟರೂ ಹಿಂಗೇ ರಿಪೇರಿ ಮಾಡಿದ್ರಿ ಓಂಕಾರಪ್ಪ. ಹುಡುಗ್ರು ಈಗ್ಲೂ ತಲೆಕೆಳಗಾಗಿ ನೋಡ್ತಾವೆ.”

“ಅದು ಪ್ರೊಜೆಕ್ಟರಿಂದಲ್ಲ ಮೇಡಂ, ಗೋಡೆದು ತಪ್ಪು,” ಎಂದು ವೀರನು ಅಸ್ತ್ರವನ್ನು ಯಂತ್ರದ ಮುಂಭಾಗದ ಕಿಂಡಿಯಲ್ಲಿ ನಾಟಿದನು.

ಪರದೆಯ ಮೇಲೆ ಹಸಿರು ಪಟ್ಟಿಯೊಂದು ಮೂಡಿ, ಬೇಸಿಗೆಯ ತುಂಗಭದ್ರೆಯಂತೆ ತೆವಳುತ್ತಾ ಅರ್ಧದವರೆಗೆ ಹರಿದು, ಬತ್ತಿತು. ‘ಇನ್‌ಸ್ಟಾಲೇಶನ್ ಫೇಲ್ಡ್’ ಎಂಬ ಶಾಪವಾಕ್ಯವು ಮೂಡಿತು. ವೀರನು ಮತ್ತೆ ನಾಟಿದನು, ಪಟ್ಟಿ ಮತ್ತೆ ಬತ್ತಿತು. ಸೋಲಿಗೆ ಕಾರಣವನ್ನು ಹುಡುಕುವುದರಲ್ಲಿ ಭೌತವಿಜ್ಞಾನಿಗಳನ್ನು ಮೀರಿಸಿದವರಿಲ್ಲ. ಅವರು ಸಮೀಪದ ಕಾರಣವನ್ನು ಎಂದಿಗೂ ನೋಡುವುದಿಲ್ಲ. ಓಂಕಾರಪ್ಪನು ಆಂಟಿವೈರಸ್ಸನ್ನು ದ್ರೋಹಿಯೆಂದು ಸಾರಿ ಕಿತ್ತೊಗೆದನು. ಪಟ್ಟಿ ಬತ್ತಿತು. ದಿನಾಂಕ ತಪ್ಪಿದೆಯೆಂದು ತಿದ್ದಿದನು. ಬತ್ತಿತು.

“ಅರ್ಥಿಂಗ್ ಸರಿ ಇಲ್ಲ,” ಎಂದು ಕೊನೆಗೆ ಘೋಷಿಸಿದನು.

ಇದು ನಮ್ಮ ಪ್ರಯೋಗಾಲಯಗಳ ಬ್ರಹ್ಮಾಸ್ತ್ರ. ಮೀಟರು ತಪ್ಪು ತೋರಿಸಲಿ, ಫ್ಯಾನು ಕಿರುಗುಟ್ಟಲಿ, ವಿದ್ಯಾರ್ಥಿಯು ನಪಾಸಾಗಲಿ, ಅರ್ಥಿಂಗ್ ಸರಿ ಇರುವುದಿಲ್ಲ. ವೀರನು ಸ್ವಯಂ ಬಕೆಟ್ ಹಿಡಿದು ಹೊರನಡೆದು, ಕಟ್ಟಡದ ಹಿಂದಿನ ಅರ್ಥಿಂಗ್ ಗುಂಡಿಗೆ ಉಪ್ಪುನೀರಿನ ಅಭಿಷೇಕ ಮಾಡಿ, ಒದ್ದೆ ಪ್ಯಾಂಟಿನೊಂದಿಗೆ, ಸಮುದ್ರಮಥನದಿಂದ ಮರಳಿದವನಂತೆ, ಒಳಬಂದನು. ಪಟ್ಟಿಯು ಈ ಸಲ ಮುಕ್ಕಾಲು ಭಾಗದವರೆಗೆ ಹೋಗಿ, ಎಲ್ಲರೂ ಉಸಿರು ಬಿಗಿಹಿಡಿದಾಗ, ಬತ್ತಿತು.

ಇಷ್ಟು ಹೊತ್ತೂ ಮುರುಗೇಂದ್ರಯ್ಯನವರು ಕಿಟಕಿಯ ಬಳಿ ನಿಂತು ಕರವಸ್ತ್ರವನ್ನು ಹಿಂಡುತ್ತಿದ್ದರು. “ಬಿಡ್ರಿ ಅತ್ಲಾಗೆ ಓಂಕಾರಪ್ಪ. ಹೋಗೋದಿದ್ರೆ ಹೋಗ್ಲಿ. ಯಾಕ್ ಸುಮ್ನೆ ತ್ರಾಸು.”

“ಎಂಥ ಮಾತ್ರಿ ಸಾರ್! ಹದಿನಾರು ವರ್ಷದ ತಪಸ್ಸು! ನಾನಿರೋ ತನ ಹೋಗಾಕ್ ಬಿಡಲ್ಲ.”

“ಅಲ್ಲಾ, ನಿಮ್ಮ ಪ್ಯಾಂಟು ಬೇರೆ ಒದ್ದೆ ಆಗೈತಿ...”

ಆಹಾ, ಎಂಥ ವೈರಾಗ್ಯ! ತನ್ನ ಜೀವಮಾನದ ಕೃತಿ ಮುಳುಗುತ್ತಿರುವಾಗಲೂ ಕಿರಿಯನ ಪ್ಯಾಂಟಿನ ಚಿಂತೆ! ಓಂಕಾರಪ್ಪನ ಕಣ್ಣುಗಳು ತುಂಬಿ ಬಂದವು. ಅವನು ಇಮ್ಮಡಿ ಛಲದಿಂದ ಅಸ್ತ್ರವನ್ನು ಕಿತ್ತು ಕಿಂಡಿಯೊಳಗೆ ಊದಿದನು. ಒಳಗಿನಿಂದ ಬಿಳಿಯ ಪುಡಿ ಹಾರಿ ಅವನ ಕಣ್ಣಿಗೇ ಬಿತ್ತು.

ರೇಣುಕಾದೇವಿಯು ಪೆನ್ನು ಕೆಳಗಿಟ್ಟು, ಬಂದು, ಬಗ್ಗಿ ನೋಡಿದಳು. “ಇದು ಧೂಳಲ್ಲ ಓಂಕಾರಪ್ಪ. ವಿಭೂತಿ.”

ಹೋದ ತಿಂಗಳ ಆಯುಧಪೂಜೆಯಂದು ಈ ವಿಭಾಗದಲ್ಲಿ, ಕಂಪ್ಯೂಟರಿನ ಹಣೆ ಯಾವುದೆಂಬ ಗಹನ ಪ್ರಶ್ನೆ ಎದ್ದಿತ್ತು. ಪರದೆಯೇ ಮುಖವೆಂದು ರೇಣುಕಾದೇವಿಯ ವಾದ. ಪರದೆ ಬರೀ ಕನ್ನಡಿ, ಬುದ್ಧಿ ಇರುವುದು ಕೆಳಗಿನ ಡಬ್ಬದಲ್ಲಿ, ಬುದ್ಧಿ ಇರುವಲ್ಲೇ ಹಣೆ ಎಂದು ಓಂಕಾರಪ್ಪನು ತರ್ಕಬದ್ಧವಾಗಿ ಸಾಧಿಸಿ ಗೆದ್ದು, ಡಬ್ಬದ ಮುಂಭಾಗಕ್ಕೆ ಮೂರು ಬೆರಳಿನಿಂದ ನೀರುವಿಭೂತಿಯನ್ನು ಧಾರಾಳವಾಗಿ ಬಳಿದಿದ್ದನು. ನಡುವಿನ ಬೆರಳು ಹಾದುಹೋದದ್ದು ಕಿಂಡಿಗಳ ಸಾಲಿನ ಮೇಲೆ. ಆಯುಧವನ್ನು ಪೂಜಿಸಿ ಪೂಜಿಸಿಯೇ ಮೊಂಡಾಗಿಸಿದ ಯೋಧರು ಚರಿತ್ರೆಯಲ್ಲಿ ವಿರಳ. ವಿಜ್ಞಾನ ಪದವೀಧರರಲ್ಲಿ ಅಷ್ಟೇನೂ ವಿರಳವಲ್ಲ.

“ಹಿಂದ್ಗಡೆ ಕಿಂಡಿಗೆ ಹಾಕ್ರಿ,” ಎಂದಳು ರೇಣುಕಾದೇವಿ. “ಅದಕ್ಕಿನ್ನೂ ದೀಕ್ಷೆ ಆಗಿಲ್ಲ.”

ಹಿಂದಿನ ಕಿಂಡಿಯಲ್ಲಿ ಅಸ್ತ್ರವು ನಾಟಿತು. ಪಟ್ಟಿಯು ಅರ್ಧವನ್ನು ದಾಟಿತು, ಮುಕ್ಕಾಲನ್ನು ದಾಟಿತು, ದಡ ಮುಟ್ಟಿತು. ಟೂಲುಗಳು ಡಿಸ್ಕಿನ ಪಾತಾಳಕ್ಕಿಳಿದು, ಕಳೆದುಹೋಗಿದ್ದ ಫೋಲ್ಡರನ್ನು ಹೊತ್ತು ಮೇಲೆದ್ದವು. ‘ನೂರಕ್ಕೆ ನೂರು ಮರಳಿ ದೊರೆತಿದೆ’ ಎಂದು ಯಂತ್ರವೇ ಸಾಕ್ಷಿ ನುಡಿಯಿತು. ದೇವತೆಗಳು ಪುಷ್ಪವೃಷ್ಟಿಗೆ ಅಣಿಯಾದರು. ಓಂಕಾರಪ್ಪನು ‘ಪ್ರಕಾಶಮೀಮಾಂಸೆ’ಯ ಮೇಲೆ ಎರಡು ಸಲ ಒತ್ತಿದನು.

ಮೊದಲ ಪುಟದಲ್ಲಿ ಗ್ರಂಥದ ಹೆಸರು. ಎರಡನೆಯದರಲ್ಲಿ ತಂದೆತಾಯಿಯರಿಗೆ ಅರ್ಪಣೆ. ಆಮೇಲೆ ಕೃತಜ್ಞತೆಗಳು, ತಮ್ಮ ಹಗಲಿರುಳಿನ ಬರವಣಿಗೆಯನ್ನು ಸಹಿಸಿಕೊಂಡ ಮಡದಿಗೆ ಒಂದಿಡೀ ಪುಟ. ಆಮೇಲೆ, ‘ಅಧ್ಯಾಯ ಒಂದು: ಬೆಳಕು ಎಂದರೇನು?’

ಆಮೇಲೆ ಬಿಳಿ.

ಓಂಕಾರಪ್ಪನು ಮೌಸಿನ ಚಕ್ರವನ್ನು ತಿರುಗಿಸಿಯೇ ತಿರುಗಿಸಿದನು. ಬೆಳಕೆಂದರೇನೆಂದು ಯಾರೂ ಹೇಳಲಿಲ್ಲ. ರೇಣುಕಾದೇವಿಯು ಮುರುಗೇಂದ್ರಯ್ಯನವರತ್ತ ತಿರುಗಿದಳು. ಹದಿನಾರು ವರ್ಷ ಅವರ ಪಾಲಿನ ಪರೀಕ್ಷಾ ಕಾವಲನ್ನು ಕಾದವಳು ಅವಳೇ. ಅವರು ಅವಳನ್ನು ನೋಡಲಿಲ್ಲ. ಕಿಟಕಿಯ ಸರಳನ್ನು ಹಿಡಿದುಕೊಂಡು ಹೊರಗೆ ನೋಡುತ್ತಿದ್ದರು. ಅವಳ ಬತ್ತಳಿಕೆಯಲ್ಲಿ ಆ ಗಳಿಗೆಗೆ ಎಂಥೆಂಥ ಬಾಣಗಳಿದ್ದವೋ! ಅವಳು ಒಂದನ್ನೂ ತೆಗೆಯಲಿಲ್ಲ.

“ಉಳಿದದ್ದೆಲ್ಲಾ ಹೋಗಿಬಿಟ್ಟೈತಿ ಸಾರ್,” ಎಂದಳು. “ಕರೆಂಟು ಹೋದಾಗ್ಲೇ ಹೋಗೈತಿ.”

“ಇಲ್ರೀ ಮೇಡಂ, ನೂರಕ್ಕೆ ನೂರು ಬಂದೈತಿ ಅಂತ ಇಲ್ಲೇ ತೋರಿಸ್ತಾ...”

ಅವಳು ಅವನ ಕಾಲನ್ನು ತುಳಿದಳು. “ನಿಮ್ಮ ಟೂಲೇ ಸರಿ ಇಲ್ಲ ಓಂಕಾರಪ್ಪ.”

ಓಂಕಾರಪ್ಪನು ಒಮ್ಮೆ ಅವಳನ್ನು, ಒಮ್ಮೆ ಪರದೆಯನ್ನು, ಒಮ್ಮೆ ಕಿಟಕಿಯ ಬಳಿಯ ಬಾಗಿದ ಬೆನ್ನನ್ನು ನೋಡಿದನು. ಸಕಲ ಶತ್ರುಗಳನ್ನೂ ಗೆದ್ದ ಯೋಧನಿಗೆ ಕಟ್ಟಕಡೆಗೆ ಅರ್ಥವಾಯಿತು. “ಹೌದ್ ಸಾರ್,” ಎಂದು ಅವನು ಅಸ್ತ್ರವನ್ನು ಕಿತ್ತು ಜೇಬಿಗಿಟ್ಟನು. “ಆಗ್ಲಿಲ್ಲ ನನ್ ಕೈಲಿ.”

ಶನಿವಾರ ಪ್ರಾಂಶುಪಾಲರು ಎಂಟುನೂರು ಪುಟಗಳ ಅಮೂಲ್ಯ ಗ್ರಂಥವೊಂದು ತಂತ್ರಜ್ಞಾನದ ಕ್ರೌರ್ಯಕ್ಕೂ ‘ನಮ್ಮವರೇ ಒಬ್ಬರ ಅರೆಬೆಂದ ವಿದ್ಯೆಗೂ’ ಬಲಿಯಾದದ್ದನ್ನು ಗದ್ಗದಿತರಾಗಿ ವರ್ಣಿಸಿದರು. ಸಭೆಯು ತಿರುಗಿ ಓಂಕಾರಪ್ಪನನ್ನು ನೋಡಿತು. ಶಾಲು ಹೊದ್ದ ಮುರುಗೇಂದ್ರಯ್ಯನವರು ಹಣ್ಣಿನ ಬುಟ್ಟಿಯ ಹಿಂದಿನಿಂದ ಕಣ್ಣೊರೆಸಿಕೊಂಡರು. ಊಟದ ಸಾಲಿನಲ್ಲಿ ಅವರು ಅವನ ಹೆಗಲ ಮೇಲೆ ಕೈಯಿಟ್ಟು, ಬಹಳ ಹಗುರಾದ ದನಿಯಲ್ಲಿ, ಸಂತೈಸಿದರು.

“ಬೇಜಾರ್ ಮಾಡ್ಕಬ್ಯಾಡ್ರಿ ಓಂಕಾರಪ್ಪ. ಇನ್ನೊಂದ್ ಸಲ ಬರೀತೀನಿ. ಈಗ ಟೈಮ್ ಐತಲ್ಲ.”