ಗಾಬರಿ ಮಾವನ ಮೂರನೆಯ ಬಿರುಗಾಳಿ

ಎಲ್ಲಕ್ಕೂ ಮೂಲ ಸೂರ್ಯನ ಮೇಲಿನ ಒಂದು ಕಪ್ಪು ಕಲೆ. ನಿನ್ನೆ ಅಲ್ಲಿ ಸಿಡಿತವಾಗಿ, ಕಾದ ಅನಿಲದ ದೊಡ್ಡ ಮೋಡವೊಂದು ಭೂಮಿಯತ್ತ ಹೊರಟಿತ್ತು. ಇಂಥ ಸೌರ ಬಿರುಗಾಳಿಗಳ ಮುನ್ಸೂಚನೆ ಕೊಡುವುದು ಗಾಬರಿ ಮಾವನ ಉದ್ಯೋಗ. ಎರಡು ಸಲ ಊರನ್ನೆಲ್ಲ ಎಚ್ಚರಿಸಿದ್ದರು, ಎರಡು ಸಲವೂ ಏನೂ ಆಗಲಿಲ್ಲ. ಆ ಹೆಸರು ಅಂಟಿಕೊಂಡಿದ್ದು ಹಾಗೆ. ಇದೂ ಹುಸಿಯಾದರೆ ಹಳೇ ಕಡತಗಳ ಉಗ್ರಾಣದ ಕೆಲಸಕ್ಕೆ ಹಾಕುತ್ತೇನೆಂದು ಸಾಹೇಬರು ಹೇಳಿಬಿಟ್ಟಿದ್ದರು.

ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಕೆಳಮನೆಯಾಕೆ ತಡೆದರು.

"ಇವತ್ತು ನಿಮ್ಮ ಬಿರುಗಾಳಿಯಂತೆ. ಬಟ್ಟೆ ಒಣಗ್ಹಾಕ್ಲೋ ಬೇಡ್ವೋ?"

"ಅದಕ್ಕೂ ಬಟ್ಟೆಗೂ ಸಂಬಂಧ ಇಲ್ಲಮ್ಮ. ತೊಂದರೆ ಆಗೋದು ಕರೆಂಟಿನ ಲೈನಿಗೆ."

"ಹಾಗಾದ್ರೆ ಹಾಕ್ತೀನಿ. ನೀವು ಬರುತ್ತೆ ಅಂದ್ರೆ ಬಿಸಿಲು ಗ್ಯಾರಂಟಿ."

ಕಚೇರಿಯಲ್ಲಿ ಪಕ್ಕದ ಮೇಜಿನ ಗೆಳೆಯನ ಸಲಹೆ ಕಾದಿತ್ತು. "ಬರಬಹುದು, ಬರದೇನೂ ಇರಬಹುದು ಅಂತ ಬರೆದುಬಿಡಯ್ಯ. ನಾನು ಇಷ್ಟು ವರ್ಷ ಹೀಗೇ ತಳ್ಳಿದೀನಿ."

ತೊಡಕಿರುವುದು ಮೋಡದ ಕಾಂತಕ್ಷೇತ್ರದ ದಿಕ್ಕಿನಲ್ಲಿ. ಅದು ಉತ್ತರಕ್ಕಿದ್ದರೆ ಭೂಮಿಯ ಕಾಂತಕವಚ ಮೋಡವನ್ನು ಪಕ್ಕಕ್ಕೆ ಸರಿಸುತ್ತದೆ. ದಕ್ಷಿಣಕ್ಕಿದ್ದರೆ ಕದ ತೆರೆದುಬಿಡುತ್ತದೆ. ದಿಕ್ಕು ತಿಳಿಯುವುದು ಮೋಡವು ದಾರಿಯಲ್ಲಿರುವ ಉಪಗ್ರಹವನ್ನು ದಾಟುವಾಗ ಮಾತ್ರ. ಹಿಂದೆ ಅಷ್ಟು ಕಾಯದೆ ಕೂಗಿ ಕೆಟ್ಟಿದ್ದ ಮಾವ ಈ ಸಲ ಹಲ್ಲು ಕಚ್ಚಿ ಕಾದರು.

ಮಧ್ಯಾಹ್ನ ಪರದೆಯ ಮೇಲೆ ಉಪಗ್ರಹದ ಗೆರೆ ಕೆಳಕ್ಕೆ ಜಾರಿತು. ದಕ್ಷಿಣ. ಸುಮ್ಮನಿದ್ದರೆ ಊರಿನ ದೊಡ್ಡ ಟ್ರಾನ್ಸ್‌ಫಾರ್ಮರ್ ಸುಟ್ಟು ಆಸ್ಪತ್ರೆಯೂ ವಾರಗಟ್ಟಲೆ ಕತ್ತಲಲ್ಲಿರಬೇಕು. ಮಾವ ವಿದ್ಯುತ್ ಕಚೇರಿಗೆ ಫೋನ್ ಮಾಡಿದರು.

"ಈಗಲೇ ಲೈನ್ ಆಫ್ ಮಾಡಿ."

"ಖಂಡಿತಾನಾ ಸಾರ್?"

"ಖಂಡಿತ. ನನ್ನ ತಲೆ ಮೇಲೆ ಹಾಕ್ಕೊಂಡು ಹೇಳ್ತಿದೀನಿ."

ಊರು ನಿಂತುಹೋಯಿತು. ಲಿಫ್ಟಿನಲ್ಲಿ ಸಿಕ್ಕಿಬಿದ್ದವರು, ಮೆಷಿನ್ ನಿಂತು ಅರ್ಧ ಕ್ಷೌರದಲ್ಲೇ ಎದ್ದುಬಂದವರು, ಎಲ್ಲರೂ ಮಾವನಿಗೆ ಹಿಡಿಶಾಪ ಹಾಕಿದರು. ಬಟ್ಟೆ ಒಣಗಿದೆ, ಇಸ್ತ್ರಿಗೆ ಕರೆಂಟಿಲ್ಲ ಎಂದು ಕೆಳಮನೆಯಾಕೆಯ ಫೋನೂ ಬಂತು.

ಸಂಜೆ ಕರೆಂಟು ಬಂದಾಗ ಒಂದು ಬಲ್ಬೂ ಸುಟ್ಟಿರಲಿಲ್ಲ. ಊರು ಉಳಿಯಿತೆಂದು ಮಾವನ ಕಣ್ಣು ತುಂಬಿಬಂತು. ಅಷ್ಟರಲ್ಲಿ ಸಾಹೇಬರು ಕರೆಸಿದರು.

"ಏನೂ ಆಗ್ಲಿಲ್ವಲ್ರೀ."

"ಆಫ್ ಮಾಡಿಸಿದ್ದಕ್ಕೇ ಆಗ್ಲಿಲ್ಲ ಸಾರ್. ಬಿರುಗಾಳಿ ಬಂದು ಹೋಯ್ತು. ಉಪಗ್ರಹದ ಲೆಕ್ಕ ನೋಡಿ."

"ಆಕಾಶದ್ದು ಬೇಡ. ಬಂದಿದ್ರೆ ನಮ್ಮ ಹಿತ್ತಲಿನ ಕಾಂತಮಾಪಕದ ಗೆರೆ ಕುಣಿದಿರಬೇಕು. ಈ ಕಚೇರಿಲಿ ನಡೆಯೋದು ಅದೊಂದೇ ಸಾಕ್ಷಿ. ನಡೀರಿ, ನೋಡೇಬಿಡೋಣ."

ಮಾವ ಎದೆ ಸೆಟೆಸಿ ಮುಂದೆ ನಡೆದು ತಾವೇ ಕಾಂತಮಾಪಕದ ಕೋಣೆಯ ಬಾಗಿಲು ತೆರೆದರು. ಮಧ್ಯಾಹ್ನದವರೆಗೆ ಗೆರೆ ನೆಟ್ಟಗೆ ಬಂದಿತ್ತು. ಆಮೇಲೆ ಬರೀ ಖಾಲಿ. ಸಂಜೆಯಿಂದ ಮತ್ತೆ ನೆಟ್ಟಗೆ ಶುರುವಾಗಿತ್ತು.

"ಮಧ್ಯೆ ಏನಾಯ್ತು?" ಎಂದರು ಸಾಹೇಬರು.

ಗಾಬರಿ ಮಾವ ತಾವೇ ತೆರೆದಿದ್ದ ಬಾಗಿಲನ್ನು ಮೆಲ್ಲಗೆ ಮುಚ್ಚಿದರು.

"ಕರೆಂಟಿರಲಿಲ್ಲ ಸಾರ್."