ಕಬ್ಬಿಣ ಜಗ್ಗುವ ಮೇಷ್ಟ್ರು

ಅದೊಂದು ಬುಧವಾರ. ಏಳನೇ ತರಗತಿಗೆ ದಶಮಾಂಶದ ಭಾಗಾಕಾರ ಹೇಳಿಕೊಡುತ್ತಿದ್ದೆ. ಮೂರನೆಯ ಲೆಕ್ಕ ಅರ್ಧ ಆಗಿತ್ತು. ಮುಖ್ಯಗುರುಗಳು ಬಾಗಿಲಲ್ಲಿ ನಿಂತು, ಸ್ವಲ್ಪ ಹೊರಗೆ ಬನ್ನಿ ಅಂದರು. ಕಾಲೇಜಿನ ಪ್ರಯೋಗಾಲಯದಲ್ಲಿ ಕುರ್ಚಿಯ ಮೇಲೆ ಕುಳಿತ ನನ್ನ ಯಜಮಾನರು ಮತ್ತೆ ಏಳಲಿಲ್ಲ.

ಅಂದಿನಿಂದ ಕೂಡ್ಲಿಗಿಯ ನಮ್ಮ ಮನೆಗೆ ಮಾತಾಡಿಸಲು ಜನ ಬರುತ್ತಲೇ ಇದ್ದಾರೆ. ಬಂದವರು ಮೊದಲು ತಲೆ ತಗ್ಗಿಸಿ ಕೂಡುತ್ತಾರೆ. ಚಹಾ ಬರುವ ಹೊತ್ತಿಗೆ ಇವರದೊಂದು ಪ್ರಸಂಗ ನೆನಪಾಗುತ್ತದೆ. ಲೋಟ ಖಾಲಿಯಾಗುವಷ್ಟರಲ್ಲಿ ನಗುತ್ತಿರುತ್ತಾರೆ, ಆಮೇಲೆ ನನ್ನ ಮುಖ ನೋಡಿ ಗಾಬರಿಯಾಗುತ್ತಾರೆ. ಗಾಬರಿ ಬೇಡ. ನನ್ನ ಹತ್ತಿರವೂ ಕೆಲವಿವೆ.

ಇವರು ಮೆಕ್ಯಾನಿಕಲ್ ಇಂಜಿನಿಯರಿಂಗ್ ಪ್ರೊಫೆಸರ್. ಕಬ್ಬಿಣವೋ ಹಿತ್ತಾಳೆಯೋ ಎಷ್ಟು ಭಾರ ತಡೆಯುತ್ತದೆ, ಯಾವಾಗ ಮುರಿಯುತ್ತದೆ, ಯಾಕೆ ಮುರಿಯುತ್ತದೆ ಎನ್ನುವುದು ಇವರ ವಿಷಯ. ನಾನು ಇದನ್ನು ಒಂದು ವಾಕ್ಯದಲ್ಲಿ ಬರೆದೆ. ಮಗ ಏನು ಮಾಡುತ್ತಾನೆ ಎಂದು ನಾಲ್ಕು ಜನರ ಮುಂದೆ ಹೇಳಲು ಹಂಪಸಾಗರದ ನಮ್ಮ ಅತ್ತೆಗೂ ಅಂಥದೊಂದು ವಾಕ್ಯ ಬೇಕಿತ್ತು. ಅದು ಸಿಗಲು ಇಪ್ಪತ್ತೇಳು ವರ್ಷ ಹಿಡಿಯಿತು.

೧. ಹೆಣ್ಣು ನೋಡಲು ಬಂದಾಗ

ಕೊಟ್ಟೂರಿನಲ್ಲಿ ನನ್ನ ಅಪ್ಪನದು ಕಾಳಿನ ವ್ಯಾಪಾರ. ಹುಡುಗನಿಗೆ ಮಂಡಕ್ಕಿ, ಮಿರ್ಚಿ ಕೊಟ್ಟು, ಕೆಲಸ ಏನು ಎಂದು ಕೇಳಿದರು. ಇವರು ಮಿರ್ಚಿ ಕೆಳಗಿಟ್ಟು ಉತ್ತರ ಕೊಟ್ಟರು. ಕಬ್ಬಿಣದ ಸರಳನ್ನು ಯಂತ್ರಕ್ಕೆ ಸಿಕ್ಕಿಸಿ ಮುರಿಯುವ ತನಕ ಎಳೆಯುತ್ತೇನೆ, ಮುರಿದ ಮೇಲೆ ಯಾಕೆ ಮುರಿಯಿತು ಎಂದು ಬರೆಯುತ್ತೇನೆ.

ಅಪ್ಪ ಸ್ವಲ್ಪ ಯೋಚಿಸಿ, ಎಳೆಯದಿದ್ದರೆ ಮುರಿಯುತ್ತಿತ್ತೇ ಎಂದು ಕೇಳಿದರು. ಇಲ್ಲ ಎಂದರು ಇವರು.

ಅವರೆಲ್ಲ ಬಸ್ಸಿಗೆ ಹೋದ ಮೇಲೆ ಅಪ್ಪ ಅವ್ವನಿಗೆ ಹೇಳಿದರು: "ಹುಡುಗ ಖರೇ ಮಾತಾಡ್ತಾನ. ಕೆಲಸ ಮಾತ್ರ ಸುಳ್ಳಿದ್ದಂಗ ಐತಿ."

೨. ಚೆಂದ ಮುರಿದ ಶಾಫ್ಟು

ಹಂಪಸಾಗರದಲ್ಲಿ ಪಕ್ಕದ ಮನೆಯ ರೈತರೊಬ್ಬರು ಪಂಪ್‌ಸೆಟ್ಟಿನ ಮುರಿದ ಶಾಫ್ಟು ಹಿಡಿದು ಬಂದರು. ಇಂಜಿನಿಯರ್ ಮನೆಯಲ್ಲೇ ಇರುವಾಗ ಪೇಟೆಗೆ ಯಾಕೆ ಹೋಗುವುದು ಎಂಬುದು ಅವರ ಲೆಕ್ಕ. ಇವರು ಅದನ್ನು ಅಂಗಳದ ಬಿಸಿಲಿಗೆ ಒಯ್ದು, ಭೂತಗನ್ನಡಿ ಹಿಡಿದು ಕುಳಿತರು. ನನ್ನನ್ನೂ ಕರೆದು ತೋರಿಸಿದರು. ಮುರಿದ ಮುಖದ ಮೇಲೆ ಕಪ್ಪೆಚಿಪ್ಪಿನ ಮೇಲಿರುವಂಥ ಗೆರೆಗಳು, ಒಂದರ ಹಿಂದೆ ಒಂದು. ಇದು ಒಮ್ಮೆಲೇ ಮುರಿದದ್ದಲ್ಲ, ತಿಂಗಳುಗಟ್ಟಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿರಿದಿದೆ ಎಂದು ವಿವರಿಸಿದರು. ಮೊದಲ ಗೆರೆ ಎಲ್ಲಿದೆ ಎಂದು ನಾನೂ ಹುಡುಕಿದೆ.

ಒಂದು ತಾಸಿನ ಮೇಲೆ ರೈತರು, ಪಂಪು ಯಾವಾಗ ತಿರುಗುತ್ತದೆ ಎಂದು ಕೇಳಿದರು.

"ಇದು ಇನ್ನ ತಿರುಗಂಗಿಲ್ರಿ. ಆದ್ರ ಭಾಳ ಚೆಂದ ಮುರದೈತಿ."

ರೈತರು ಶಾಫ್ಟು ಕಿತ್ತುಕೊಂಡು ಅತ್ತೆಯ ಕಡೆ ತಿರುಗಿದರು. "ಯಮ್ಮಾ, ಎಮ್ಮಿ ಸತ್ರ ಭಾಳ ಚೆಂದ ಸತ್ತೈತಿ ಅಂದಂಗಾತು ಇದು."

ಅತ್ತೆಗೆ ನಾಚಿಕೆಯಾಯಿತು. ಕೇಳಿದವರಿಗೆ ನಾನೇನು ಹೇಳಲಿ, ನನಗೆ ತಿಳಿಯುವಂತೆ ಹೇಳು ಎಂದು ಮಗನನ್ನು ಕೂಡಿಸಿಕೊಂಡರು. ಇವರು ಅರ್ಧ ತಾಸು ಹೇಳಿದರು. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಆಗ್ಲಿ ಬಿಡಪ. ಬ್ಯಾಂಕಿನಾಗ ಅದಾನ ಅಂತ ಹೇಳ್ತೀನಿ."

೩. ಅತ್ತೆ ಪ್ರಯೋಗಾಲಯಕ್ಕೆ ಹೋದದ್ದು

ಬಾಯಿಮಾತಿನಲ್ಲಿ ಆಗದ್ದು ಕಣ್ಣಾರೆ ನೋಡಿದರೆ ಆದೀತೆಂದು ಇವರು ತಾಯಿಯನ್ನು ಕಾಲೇಜಿಗೇ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಹತ್ತಿಪ್ಪತ್ತು ವಿದ್ಯಾರ್ಥಿಗಳು ಯಂತ್ರದ ಸುತ್ತ ನಿಂತಿದ್ದರು. ಬೆರಳು ದಪ್ಪದ ಸರಳನ್ನು ಯಂತ್ರ ಮೇಲಕ್ಕೂ ಕೆಳಕ್ಕೂ ಎಳೆಯತೊಡಗಿತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸರಳಿನ ನಡು ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ಫಟ್ಟೆಂದು ಎರಡಾಯಿತು. ವಿದ್ಯಾರ್ಥಿಗಳು ಅಂಕಿ ಬರೆದುಕೊಂಡರು. ಇವರು ಆಸೆಯಿಂದ ತಾಯಿಯ ಮುಖ ನೋಡಿದರು.

ಅತ್ತೆಯ ಕಣ್ಣಲ್ಲಿ ನೀರಿತ್ತು. "ಇಷ್ಟು ಮಂದಿ ಸುತ್ತ ನಿಂತೀರಿ. ಒಬ್ಬರಾದ್ರೂ ಬಿಡಸಬಾರದಾ?"

೪. ಕಲ್ಲಿಗೆ ಜೋಗುಳ

ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಹಂಪಸಾಗರದ ಮನೆಯ ತೊಲೆಯ ಕಬ್ಬಿಣದ ಕೊಂಡಿಗೆ ತೊಟ್ಟಿಲು ಕಟ್ಟಿದ್ದೆವು. ಬೀಗರು ಹರಪನಹಳ್ಳಿಯಿಂದ ಬಂದಿದ್ದರು. ಊಟಕ್ಕೆ ಕುಳಿತಾಗ ಮಗಳ ಅತ್ತೆ, ನಿಮ್ಮ ಮಗ ಕಾಲೇಜಿನಲ್ಲಿ ಏನು ಮಾಡುತ್ತಾರೆ ಎಂದು ಕೇಳಿದರು. ನಮ್ಮ ಅತ್ತೆ ಉತ್ತರಕ್ಕೆ ಬದಲು ಇನ್ನೊಂದು ಹೋಳಿಗೆ ಬಡಿಸಿದರು.

ಶಾಸ್ತ್ರ ಶುರುವಾಯಿತು. ಕೂಸಿಗಿಂತ ಮೊದಲು ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ಕುಲಾವಿ ಕಟ್ಟಿ, ತೊಟ್ಟಿಲಲ್ಲಿ ಮಲಗಿಸಿ ತೂಗುವುದು ನಮ್ಮಲ್ಲಿ ಪದ್ಧತಿ. ನಾಲ್ಕು ಸಲ ತೂಗಿ ಕಲ್ಲನ್ನು ತೆಗೆಯುತ್ತಾರೆ. ಬೀಗತಿ ತೆಗೆಯಲು ಬಾಗಿದರು. ಇವರು ತಡೆದರು. ಹಿರಿಯರು ಇಷ್ಟು ಒಳ್ಳೆಯ ಪರೀಕ್ಷೆ ಇಟ್ಟಿದ್ದಾರೆ, ಅರ್ಧಕ್ಕೆ ಬಿಡುವುದು ಸರಿಯಲ್ಲ, ಇನ್ನೂರು ಸಲವಾದರೂ ತೂಗಬೇಕು, ತೂಗಿದಷ್ಟೂ ಕಬ್ಬಿಣ ದಣಿಯುತ್ತದೆ ಎಂದರು. ಎಣಿಸಲು ನನಗೆ ಹೇಳಿದರು.

ಬೀಗರ ಮಾತು, ಬಂದವರಿಗೆ ಇಲ್ಲವೆನ್ನಲಾಗಲಿಲ್ಲ. ಬೀಗತಿ ತೂಗಿದರು. ಐವತ್ತು ಸಲ ತೂಗುವಷ್ಟರಲ್ಲಿ ಹೆಂಗಸರಿಗೆ ಗೊತ್ತಿದ್ದ ಜೋಗುಳಗಳೆಲ್ಲ ಮುಗಿದವು. ನೂರರ ನಂತರ ಸೋಬಾನೆ ಹಾಡಿದರು. ಕಲ್ಲು ಕುಲಾವಿ ಕಟ್ಟಿಕೊಂಡು ಮಲಗಿತ್ತು, ಕೂಸು ಮಗಳ ತೊಡೆಯ ಮೇಲೆ ಅಳುತ್ತಿತ್ತು. "ಕಬ್ಬಿಣ ದಣಿಯೋದ್ರಾಗೆ ನಾವು ದಣಿತೀವಲ್ರೀ" ಎಂದರು ಬೀಗತಿ. ಆಗ ಕೊಂಡಿ ಮುರಿಯಿತು. ತೊಟ್ಟಿಲು ಬಿತ್ತು, ಗುಂಡುಕಲ್ಲು ಉರುಳಿ ಬಾಗಿಲಿಗೆ ಬಡಿಯಿತು.

ಬೀಗತಿ ಕೈಯಲ್ಲಿ ಹಗ್ಗ ಹಿಡಿದೇ, ಶುಭಕಾರ್ಯದಲ್ಲಿ ಹೀಗೆ ಮುರಿದದ್ದು ಒಳ್ಳೆಯದಲ್ಲ ಎಂದರು. ಮಗಳ ಮುಖ ಬಿಳಿಚಿಕೊಂಡಿತು. ಇವರು ಕೊಂಡಿಯ ತುಂಡನ್ನು ಬೆಳಕಿಗೆ ಹಿಡಿದು ಗೆರೆ ನೋಡುತ್ತಿದ್ದರು.

ಅತ್ತೆ ಎದ್ದರು. ಮುರಿದ ಕೊಂಡಿ ನೋಡಿದರು, ಕೂಸನ್ನು ನೋಡಿದರು, ಬೀಗತಿಯ ಮುಂದೆ ಬಂದು ನಿಂತರು.

"ನನ್ನ ಮಗ ಏನ್ ಮಾಡ್ತಾನ ಅಂತ ಕೇಳಿದ್ರಲ್ಲರಿ. ಇದನ್ನ ಮಾಡ್ತಾನ. ಕೂಸು ಬೀಳೋಕಿಂತ ಮೊದಲ ಕಲ್ಲು ಬೀಳಸ್ತಾನ. ಇದಕ್ಕ ಅವಂಗ ತಿಂಗಳಾ ತಿಂಗಳಾ ಪಗಾರ ಕೊಡ್ತಾರ."

ಮೊದಲು ನಕ್ಕವರು ಬೀಗತಿ. ಆಮೇಲೆ ನಗದೆ ಯಾರೂ ಉಳಿಯಲಿಲ್ಲ. ಆ ಗದ್ದಲದಲ್ಲೇ ಇವರು ನನ್ನ ಕಿವಿಯ ಹತ್ತಿರ ಬಂದು, ಎಷ್ಟನೆಯದಕ್ಕೆ ಮುರಿಯಿತು ಎಂದು ಕೇಳಿದರು.

ನೂರ ಎಂಬತ್ತಾರು.